ಇದ್ದದ್ದು ಇದ್ದಂತೆಯೇ ಉಳಿದ ಕಾಕ್ ಆ್ಯಬಿ

ಇಂಗ್ಲೆಂಡಿನ ಡರ್ಬಿಶೈರ್‌ನ ಟಿಕ್ನಲ್ ಹಳ್ಳಿಯ ಬಳಿ, ತಗ್ಗಿನಲ್ಲಿ ಅಡಗಿದಂತೆ ಕೂತಿರುವ ದೊಡ್ಡ ಬಂಗಲೆ ಕಾಕ್ ಆ್ಯಬಿ. ಹಿಂದೆ ಇಲ್ಲಿ ಕ್ರೈಸ್ತ ಸನ್ಯಾಸಿಗಳ ಮಠವಿತ್ತು. 1622ರಲ್ಲಿ ಜಾಗ ಹಾರ್ಪರ್ ಮನೆತನದ ಕೈಸೇರಿತು. ನಾಲ್ಕು ವರ್ಷಗಳಲ್ಲೇ ಅವರಿಗೆ ಬ್ಯಾರನೆಟ್ ಪದವಿಯೂ ಬಂತು. ಇದು ‘ಸರ್’ ಬಿರುದಿನೊಂದಿಗೆ ಗಂಡು ಸಂತಾನಕ್ಕೆ ವಂಶಪಾರಂಪರ್ಯವಾಗಿ ಸಲ್ಲುವ ಪದವಿ. ಈಗಿನ ಕಟ್ಟಡ 1704ರ ಹೊತ್ತಿಗೆ ಪೂರ್ಣಗೊಂಡಿತು.

ಈ ಮನೆಯ ಸ್ವಭಾವ ತಿಳಿಯಬೇಕಾದರೆ ಹತ್ತನೆಯ ಬ್ಯಾರನೆಟ್ ಸರ್ ವಾನ್ಸಿ ಹಾರ್ಪರ್ ಕ್ರೂ ಅವರನ್ನು ತಿಳಿಯಬೇಕು. 1886ರಲ್ಲಿ ಆಸ್ತಿ ಕೈಗೆ ಬಂದಾಗ ಪಕ್ಕದ ಸ್ಟಾಫರ್ಡ್‌ಶೈರ್‌ನಲ್ಲೂ ಅವರಿಗೆ ಜಮೀನಿತ್ತು. ಗೇಣಿಯ ಆದಾಯವಿದ್ದರೂ ಅವರ ಮನಸ್ಸಿದ್ದದ್ದು ಹಕ್ಕಿಗಳಲ್ಲಿ. ಎಸ್ಟೇಟಿನ ಬೇಟೆಪ್ರಾಣಿಗಳನ್ನು ನೋಡಿಕೊಳ್ಳುವ ಮುಖ್ಯ ಕಾವಲುಗಾರ ಅಗಥಾಸ್ ಪೆಗ್ ಜೊತೆ ಅಲೆದು ಹಕ್ಕಿ, ಮೊಟ್ಟೆ, ಚಿಟ್ಟೆಗಳನ್ನು ಸಂಗ್ರಹಿಸಿದರು. ಜೀವಂತವೆಂಬಂತೆ ಕಾಣಲು ಒಳಗೆ ತುಂಬಿ ನಿಲ್ಲಿಸಿದ ಸತ್ತ ಹಕ್ಕಿಗಳ ಗಾಜಿನ ಪೆಟ್ಟಿಗೆಗಳು ಕೋಣೆ ಕೋಣೆಯಲ್ಲೂ ಪೇರಿಕೊಂಡವು. ಎಸ್ಟೇಟಿನೊಳಗೆ ಮೋಟಾರು ಕಾರು ಬಿಡುತ್ತಿರಲಿಲ್ಲ. ಮಕ್ಕಳಿಗೂ ಆಳುಗಳಿಗೂ ಎಷ್ಟೋ ವಿಷಯಗಳನ್ನು ಚೀಟಿ ಬರೆದೇ ತಿಳಿಸುತ್ತಿದ್ದರು. 1924ರಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ಮಗ ತೀರಿಹೋಗಿದ್ದರಿಂದ ಪದವಿ ಅಲ್ಲಿಗೇ ಮುಗಿಯಿತು.

ಸತ್ತವರ ಆಸ್ತಿಯ ಮೇಲೆ ಬೀಳುವ ಮರಣ ತೆರಿಗೆ ಕಟ್ಟಲು ಮಗಳು ಹಿಲ್ಡಾ ತಂದೆಯ ಸಂಗ್ರಹದಲ್ಲಿ ಬಹಳಷ್ಟನ್ನು ಮಾರಬೇಕಾಯಿತು. ಆದರೂ ಈ ಮನೆತನದವರು ಏನನ್ನೂ ಎಸೆಯುವವರಾಗಿರಲಿಲ್ಲ. ಕೋಣೆಯೊಂದು ತುಂಬಿದರೆ ಬಾಗಿಲು ಹಾಕಿ ಮುಂದಿನ ಕೋಣೆಗೆ ಹೋಗುತ್ತಿದ್ದರು. ಮನೆಗೆ ವಿದ್ಯುತ್ ಬಂದದ್ದು ಕೂಡ 1962ರಲ್ಲಷ್ಟೇ. ಅಂತಹ ಮನೆಯಲ್ಲಿ ಪೆಟ್ಟಿಗೆಯೊಳಗೇ ಉಳಿದಿತ್ತು ಹದಿನೆಂಟನೆಯ ಶತಮಾನದ ಒಂದು ರಾಜವೈಭವದ ಮಂಚದ ಪರದೆ: ಚೀನೀ ರೇಷ್ಮೆ, ಅದರ ಮೇಲೆ ಕಸೂತಿ. ಬೆಳಕು ತಾಗದ್ದರಿಂದ ಅದರ ಬಣ್ಣ ಇವತ್ತಿಗೂ ಮಾಸಿಲ್ಲ.

1981ರಲ್ಲಿ ಮಾಲೀಕ ಚಾರ್ಲ್ಸ್ ಹಾರ್ಪರ್ ಕ್ರೂ ಹಠಾತ್ತಾಗಿ ತೀರಿಕೊಂಡಾಗ ತಮ್ಮ ಹೆನ್ರಿಯ ತಲೆಯ ಮೇಲೆ ಭಾರೀ ತೆರಿಗೆ ಬಿತ್ತು. ಮನೆ, ಸಾಮಾನು ಎಲ್ಲ ಚದುರಿಹೋಗುವ ಭಯ. ಕೊನೆಗೆ 1984ರ ಬಜೆಟ್‌ನಲ್ಲಿ ಸರ್ಕಾರವೇ ಹಣ ಒದಗಿಸಿತು. ಮರುವರ್ಷ ಬಂಗಲೆ ಪಾರಂಪರಿಕ ತಾಣಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಬಂತು. 1989ರಲ್ಲಿ ಜನರಿಗೆ ತೆರೆಯಿತು.

ಟ್ರಸ್ಟ್ ಇಲ್ಲಿ ಮಾಡಿದ್ದು ಅಪರೂಪದ ಕೆಲಸ. ಸೋರುವ ಚಾವಣಿ ಸರಿಪಡಿಸಿ, ಗೋಡೆಯಿಂದ ಕಿತ್ತುಬಂದ ಕಾಗದವನ್ನೂ ಮಾಸಿದ ಬಣ್ಣವನ್ನೂ ಹಾಗೆಯೇ ಬಿಟ್ಟಿತು. ಹೊಳೆಯುವ ಅರಮನೆಗಳು ಇಂಗ್ಲೆಂಡಿನಲ್ಲಿ ಬೇಕಾದಷ್ಟಿವೆ. ಜಮೀನ್ದಾರಿಕೆ ಕುಸಿದ ಬಗೆಯನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸುವ ಮನೆಗಳು ವಿರಳ. ಡರ್ಬಿ ಕಡೆ ಹೋಗುವವರು ಇದಕ್ಕೊಂದು ದಿನ ಇಟ್ಟುಕೊಳ್ಳಿ. ಸಾವಿರ ವರ್ಷ ದಾಟಿದ ಓಕ್ ಮರ ಇಲ್ಲಿನ ಉದ್ಯಾನದಲ್ಲೇ ಇದೆ, ಅದನ್ನೂ ನೋಡಿ ಬನ್ನಿ.