ನಾಲ್ಕು ವಾರದ ತವರುಮನೆ

ಮಳೆಗಾಲದ ಸಂಜೆ. ಟ್ಯೂಷನ್‌ನಿಂದ ಬಂದ ಮಗಳು ಒದ್ದೆಮುದ್ದೆಯಾದ ನಾಯಿಮರಿಯೊಂದನ್ನು ಮುಂದೆ ಹಿಡಿದು, "ಅಮ್ಮಾ, ಮೋರಿ ಪಕ್ಕ ರಟ್ಟಿನ ಡಬ್ಬದಲ್ಲಿ ಅಳ್ತಾ ಇತ್ತು" ಅಂದರೆ ನೀವೇನು ಮಾಡುತ್ತೀರಿ? "ಎಲ್ಲಿತ್ತೋ ಅಲ್ಲೇ ಬಿಟ್ಟು ಬಾ" ಅನ್ನುತ್ತೀರಿ, ಅಲ್ಲವೇ? ಹೋದ ವರ್ಷ ನಾನೂ ಹಾಗೇ ಅಂದೆ. ನಮ್ಮತ್ತೆ ಇಣುಕಿ ನೋಡಿ, "ಹೆಣ್ಣು ಮರಿ ಕಣೇ, ಅದಕ್ಕೇ ಬಿಟ್ಟುಹೋಗಿದಾರೆ" ಎಂದರು. ಆ ಮಾತು ಕೇಳಿದ ಮೇಲೆ ಬಾಗಿಲು ಹಾಕಲು ನನಗೆ ಕೈ ಬರಲಿಲ್ಲ.

ಜೀವನಪೂರ್ತಿ ಸಾಕಲು ನಮಗೆ ಆಗದು, ಸರಿ. ಆದರೆ ಸಾಕುವವರು ಸಿಗುವ ತನಕ ನಾಲ್ಕು ವಾರ ಇಟ್ಟುಕೊಳ್ಳಬಹುದಲ್ಲ? ಬಾಣಂತನಕ್ಕೆ ಬಂದ ಮಗಳನ್ನು ಆರೈಕೆ ಮಾಡಿ ಕಳಿಸಿಕೊಡುವುದಿಲ್ಲವೇ, ಹಾಗೆ.

ಮನೆಯೇ ಏಕೆ?

ದೊಡ್ಡ ಊರುಗಳಲ್ಲಿ ಪ್ರಾಣಿದಯಾ ಸಂಘಗಳ ಆಶ್ರಯಧಾಮಗಳಿವೆ. ಅವರೂ ಇಂಥ ಮನೆಗಳನ್ನು ಹುಡುಕುತ್ತಾರೆ. ಹತ್ತಾರು ನಾಯಿಗಳಿರುವ ಕಡೆ ಲಸಿಕೆಯಾಗದ ಮರಿಗೆ ಪಾರ್ವೋ ರೋಗ ಬಲುಬೇಗ ಅಂಟುತ್ತದೆ. ವಾಂತಿ, ರಕ್ತಭೇದಿ ಶುರುವಾದರೆ ಎರಡು ಮೂರು ದಿನಗಳಲ್ಲೇ ಮರಿ ಸಾಯಬಹುದು. ನಮ್ಮಂಥ ಚಿಕ್ಕ ಊರಿನಲ್ಲಿ ಆಶ್ರಯಧಾಮವೂ ಇಲ್ಲ. ಇರುವುದು ಪಶು ಆಸ್ಪತ್ರೆ ಮತ್ತು ನಾವು.

ಒಂದು ಮಾತು: ಬೀದಿಯಲ್ಲಿ ಮರಿ ಕಂಡ ಕೂಡಲೇ ಎತ್ತಿಕೊಂಡು ಬರಬೇಡಿ. ತಾಯಿ ಆಹಾರ ಹುಡುಕಲು ಹೋಗಿರಬಹುದು. ಮರಿ ಅಪಾಯದಲ್ಲಿ ಇಲ್ಲದಿದ್ದರೆ ದೂರದಿಂದ ಕೆಲವು ಗಂಟೆ ಕಾದು ನೋಡಿ.

ಒಪ್ಪುವ ಮುನ್ನ

ಮನೆಮಂದಿಯ ಒಪ್ಪಿಗೆ ಪಡೆಯಿರಿ. ಬೇರೆಯವರು ಮರಿಯನ್ನು ತಂದುಕೊಟ್ಟರೆ ಔಷಧಿಯ ಖರ್ಚು ಯಾರದು, ಯಾವ ತಾರೀಖಿಗೆ ವಾಪಸು ಒಯ್ಯುತ್ತಾರೆ ಎಂದು ಬರೆಸಿಕೊಳ್ಳಿ. ದಾಕ್ಷಿಣ್ಯ ಬೇಡ. ಮೊದಲ ದಿನವೇ ಪಶುವೈದ್ಯರಿಗೆ ತೋರಿಸಿ ಜಂತುಹುಳುವಿನ ಔಷಧಿ ಹಾಕಿಸಿ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಮನೆಯಲ್ಲಿ ನಾಯಿಯಿದ್ದರೆ ಎರಡು ವಾರ ಬೇರೆಬೇರೆ ಇಡಿ.

ಮರಿ ಕಚ್ಚಿ ಗಾಯವಾದರೆ, ಪರಚಿದರೂ ಸರಿ, ಅರಿಶಿನ, ಸುಣ್ಣ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಮಕ್ಕಳು ಬೈಗುಳಕ್ಕೆ ಹೆದರಿ ಗಾಯ ಮುಚ್ಚಿಡುತ್ತಾರೆ. ಬೈಯುವುದಿಲ್ಲವೆಂದು ಮೊದಲೇ ಹೇಳಿಡಿ.

ಅದರ ಊಟ

ಮೆತ್ತಗೆ ಬೇಯಿಸಿದ ಅನ್ನಕ್ಕೆ ಬೇಯಿಸಿದ ಮೊಟ್ಟೆ ಅಥವಾ ಮೂಳೆ ತೆಗೆದ ಕೋಳಿಮಾಂಸ ಕಿವುಚಿ, ಉಪ್ಪು ಖಾರವಿಲ್ಲದೆ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪಸ್ವಲ್ಪವೇ ಕೊಡಿ. ಹಸುವಿನ ಹಾಲಿನಿಂದ ಕೆಲವಕ್ಕೆ ಭೇದಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ಉಳಿದ ಸಾರನ್ನ ಹಾಕುವ ಮುನ್ನ ಇದು ನೆನಪಿರಲಿ.

ಕಳಿಸಿಕೊಡುವ ದಿನ

ಕಷ್ಟವಿರುವುದು ಇಲ್ಲೇ. ನಮ್ಮ ಮರಿಗೆ ಮನೆ ಹುಡುಕುವಾಗ ಮೂರು ಕಡೆ "ಗಂಡಾಗಿದ್ರೆ ತಗೋತಿದ್ವಿ" ಅಂದರು. ಆರು ತಿಂಗಳ ಸುಮಾರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮರಿಗಳ ಚಿಂತೆಯೇ ಇಲ್ಲ ಎಂದು ವೈದ್ಯರಿಂದಲೇ ಹೇಳಿಸಿದೆವು. ನಾಲ್ಕನೆಯ ಮನೆಯವರು ಒಪ್ಪಿದರು. ಹಗಲೆಲ್ಲ ಕಟ್ಟಿಹಾಕುವುದಿಲ್ಲವೆಂದು ಮಾತು ತೆಗೆದುಕೊಂಡು, ಮನೆ ನೋಡಿ ಬಂದು ಕೊಟ್ಟೆವು.

ಆ ರಾತ್ರಿ ಮಗಳು ಊಟ ಮಾಡಲಿಲ್ಲ. ಅತ್ತೆ ಮಾತಾಡಲಿಲ್ಲ. ಬೆಳಿಗ್ಗೆ ಮರಿ ಮಲಗುತ್ತಿದ್ದ ಗೋಣಿಚೀಲವನ್ನು ಎಸೆಯಲು ಹೋದರೆ ಅತ್ತೆಯೇ ತಡೆದರು: "ಒಗೆದು ಒಣಹಾಕೇ. ಇನ್ನೊಂದು ಬಂದರೆ ಬೇಕಾಗುತ್ತೆ."