ಒಂದು ಪೆಟ್ಟಿಗೆ, ನೂರಾರು ಲಿನಕ್ಸ್: ನೋಡಿಕೊಳ್ಳುವವರ ಕೆಲಸ ಎಂತದ್ದು?

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ ಮಗ ರಜೆಯಲ್ಲಿ ಊರಿಗೆ ಬಂದರೆ ಉಮ್ಮ ಕೇಳುವುದು ಒಂದೇ ಪ್ರಶ್ನೆ: "ನಿನ್ನ ಕೆಲಸ ಎಂತದ್ದು ಮೋನೇ?" ಉತ್ತರವೂ ಒಂದೇ: "ಸರ್ವರ್ ನೋಡಿಕೊಳ್ಳುವುದು ಉಮ್ಮ." ಅಲ್ಲಿಗೆ ಮಾತು ಮುಗಿಯಿತು. ಮೀನಿನ ವ್ಯಾಪಾರ, ದಿನಸಿ ಅಂಗಡಿ, ಗಲ್ಫಿನ ಡ್ರೈವರ್ ಕೆಲಸ, ಇದೆಲ್ಲ ನಮ್ಮ ಮನೆಗಳಿಗೆ ಗೊತ್ತು. ಸರ್ವರ್ ನೋಡಿಕೊಳ್ಳುವುದು ಎಂದರೆ ಎಂತ ಎಂದು ಗೊತ್ತಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಮಕ್ಕಳನ್ನು ಯಾವ ಕೋರ್ಸಿಗೆ ಹಾಕಬೇಕು, ಎಷ್ಟು ಹಣ ಕೊಡಬೇಕು ಎಂಬುದನ್ನು ಯಾರೋ ಹೇಳಿದ ಹಾಗೆ ತೀರ್ಮಾನ ಮಾಡ್ತೇವೆ.

ಆದ್ದರಿಂದ ಈ ವಾರ ಇಂಥ ಒಂದು ಕೆಲಸವನ್ನು ಬಿಡಿಸಿ ಹೇಳುವ ಎಂದು ಹೊರಟಿದ್ದೇವೆ. ಅದು ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನ ಒಳಗೆ ಓಡುವ ಲಿನಕ್ಸ್ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸ. ನಮ್ಮಲ್ಲಿ ಓದಿ ಹೋದ ಹುಡುಗರಲ್ಲಿ ಇಬ್ಬರು ಇದೇ ಕೆಲಸದಲ್ಲಿ ಇದ್ದಾರೆ. ಅವರಲ್ಲಿ ಕೇಳಿ, ನಾವೂ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಕೊಟ್ಟಿದ್ದೇವೆ.

ಹಳೆಯ ಯಂತ್ರ, ಹೊಸ ಅತಿಥಿ

ಮೇನ್‌ಫ್ರೇಮ್ ಎಂದರೆ ದೊಡ್ಡ ಫ್ರಿಜ್ಜಿನ ಹಾಗೆ ಕಾಣುವ ಕಂಪ್ಯೂಟರ್. ಐಬಿಎಂ ಕಂಪೆನಿ 1964ರ ಏಪ್ರಿಲ್ 7ರಂದು ಸಿಸ್ಟಂ/360 ಎಂಬ ಯಂತ್ರಗಳ ಸಾಲನ್ನು ಪ್ರಕಟಿಸಿತು. ಇಂದಿನ ಝಡ್ ಮೇನ್‌ಫ್ರೇಮುಗಳು ಅದರದ್ದೇ ಸಂತಾನ. ದೊಡ್ಡ ಬ್ಯಾಂಕು, ವಿಮಾ ಕಂಪೆನಿ, ಸರಕಾರಿ ಇಲಾಖೆಗಳ ಲೆಕ್ಕ ಇವತ್ತಿಗೂ ಇದರಲ್ಲಿ ನಡೆಯುತ್ತದೆ. ಒಂದು ಭಾಗ ಕೆಟ್ಟರೆ ಅದರ ಬದಲಿಗೆ ಇನ್ನೊಂದು ತಾನಾಗಿ ಕೆಲಸ ಹಿಡಿಯುವ ಹಾಗೆ ಅದನ್ನು ಕಟ್ಟಿರುತ್ತಾರೆ.

ಇಷ್ಟು ದೊಡ್ಡ ಯಂತ್ರವನ್ನು ಒಬ್ಬನೇ ಬಳಸಿದರೆ ದಂಡ. ಹಾಗಾಗಿ ಒಂದೇ ಯಂತ್ರವನ್ನು ಹಲವು ಯಂತ್ರಗಳ ಹಾಗೆ ತೋರಿಸುವ ಉಪಾಯವನ್ನು 1960ರ ದಶಕದ ನಡುವಿನಲ್ಲೇ ಅಮೆರಿಕದ ಕೇಂಬ್ರಿಡ್ಜ್ ಪೇಟೆಯಲ್ಲಿದ್ದ ಐಬಿಎಂ ಕೇಂದ್ರದವರು ಕಂಡುಹಿಡಿದರು. 1972ರ ಆಗಸ್ಟಿನಲ್ಲಿ ಐಬಿಎಂ ಅದನ್ನು ವಿಎಂ/370 ಎಂಬ ಹೆಸರಿನಲ್ಲಿ ಪ್ರಕಟಿಸಿತು. ಈಗ ಅದರ ಹೆಸರು ಝಡ್/ವಿಎಂ. ಇದರ ಹೃದಯದಲ್ಲಿರುವ ಸಿಪಿ ಎಂಬ ಪ್ರೋಗ್ರಾಮು ಪ್ರತಿಯೊಬ್ಬನಿಗೂ "ಈ ಯಂತ್ರ ಇಡೀ ನಿನ್ನದೇ" ಎಂದು ನಂಬಿಸುತ್ತದೆ. ಹಾಗೆ ನಂಬಿ ಒಳಗೆ ಕೂತವನಿಗೆ ಈ ಕೆಲಸದವರು ಗೆಸ್ಟ್ ಎನ್ನುತ್ತಾರೆ, ಅಂದರೆ ಅತಿಥಿ.

ಲಿನಕ್ಸ್ ಬಂದದ್ದು ಮತ್ತೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಸಣ್ಣ ಕಂಪ್ಯೂಟರಿಗೆಂದು ಅದನ್ನು ಬರೆಯಲು ತೊಡಗಿದ. 1999ರ ಡಿಸೆಂಬರಿನಲ್ಲಿ ಜರ್ಮನಿಯ ಬಾಬ್ಲಿಂಗನ್ ಊರಿನ ಐಬಿಎಂ ಪ್ರಯೋಗಾಲಯದವರು ಲಿನಕ್ಸನ್ನು ಮೇನ್‌ಫ್ರೇಮಿನಲ್ಲಿ ಓಡಿಸುವ ಕೋಡನ್ನು ಹೊರಗೆ ಬಿಟ್ಟರು. ಮರುವರ್ಷವೇ ಡೇವಿಡ್ ಬಾಯ್ಸ್ ಎಂಬವರು ಒಂದೇ ಯಂತ್ರದಲ್ಲಿ ಎಷ್ಟು ಲಿನಕ್ಸ್ ಹಿಡಿಯುತ್ತದೆ ನೋಡುವ ಎಂದು ಪರೀಕ್ಷೆ ಮಾಡಿ 41,400 ಲಿನಕ್ಸುಗಳನ್ನು ಎಬ್ಬಿಸಿ ತೋರಿಸಿದರು. ಅದು ಪರೀಕ್ಷೆ ಮಾತ್ರ, ಅಷ್ಟನ್ನೂ ಇಟ್ಟು ನಿಜವಾದ ಕೆಲಸ ಮಾಡಿಸಲು ಆಗುವುದಿಲ್ಲ. ಆದರೆ ಅದೇ ವರ್ಷ ಸ್ವೀಡನ್ನಿನ ಟೆಲಿಯಾ ಎಂಬ ದೂರವಾಣಿ ಕಂಪೆನಿ ಸುಮಾರು 70 ಸರ್ವರುಗಳ ಬದಲಿಗೆ ಒಂದೇ ಮೇನ್‌ಫ್ರೇಮು ತೆಗೆದುಕೊಂಡು ಅದರಲ್ಲಿ 1,500 ವರ್ಚುವಲ್ ಲಿನಕ್ಸುಗಳನ್ನು ಓಡಿಸುವ ಯೋಜನೆ ಹಾಕಿತು. ಎಪ್ಪತ್ತು ಪೆಟ್ಟಿಗೆ, ಅವುಗಳ ವಯರು, ಕರೆಂಟು, ಎಸಿ ಎಲ್ಲ ಉಳಿಯುವುದಾದರೆ ಯಾರಿಗೆ ಬೇಡ?

ಇನ್ನೂರು ಕುರ್ಚಿ, ಐನೂರು ಹೇಳಿಕೆ

ಈಗ ಕೆಲಸದ ವಿಷಯಕ್ಕೆ ಬರುವ. ಮದುವೆಗೆ ಐನೂರು ಮಂದಿಗೆ ಹೇಳಿಕೆ ಕೊಟ್ಟಿದ್ದೇವೆ, ಹಾಲಿನ ಊಟದ ಕೋಣೆಯಲ್ಲಿ ಇನ್ನೂರು ಕುರ್ಚಿ ಉಂಟು ಎಂದು ಇಟ್ಟುಕೊಳ್ಳಿ. ಯಾರಿಗೂ ಗಾಬರಿ ಇಲ್ಲ. ಒಂದು ಟ್ರಿಪ್ ಎದ್ದ ಮೇಲೆ ಇನ್ನೊಂದು ಟ್ರಿಪ್ ಕೂರುತ್ತದೆ. ಝಡ್/ವಿಎಂ ಮಾಡುವುದೂ ಹೀಗೆಯೇ. ಎಲ್ಲ ಅತಿಥಿಗಳಿಗೆ ಕೊಡ್ತೇವೆ ಎಂದು ಹೇಳಿದ ಮೆಮೊರಿಯನ್ನು ಕೂಡಿಸಿದರೆ ಯಂತ್ರದಲ್ಲಿ ಇರುವುದಕ್ಕಿಂತ ಹೆಚ್ಚಾಗುತ್ತದೆ. ಎಲ್ಲರೂ ಒಟ್ಟಿಗೆ ಬರುವುದಿಲ್ಲ ಎಂಬ ಧೈರ್ಯದಲ್ಲಿ ಅದು ನಡೆಯುತ್ತದೆ. ತಕ್ಷಣ ಬೇಡದ್ದನ್ನು ಸಿಪಿ ಡಿಸ್ಕಿಗೆ ಸರಿಸಿ ಇಡುತ್ತದೆ.

ತೊಂದರೆ ಬರುವುದು ಲಿನಕ್ಸಿನ ಗುಣದಿಂದ. ಖಾಲಿ ಮೆಮೊರಿ ಕಂಡರೆ ಲಿನಕ್ಸ್ ಸುಮ್ಮನೆ ಇರುವುದಿಲ್ಲ. ಡಿಸ್ಕಿನಲ್ಲಿ ಓದಿದ ಫೈಲುಗಳನ್ನು ಮುಂದಕ್ಕೆ ಬೇಕಾದೀತು ಎಂದು ಅದರಲ್ಲಿ ತುಂಬಿಸಿಕೊಳ್ಳುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಇದು ಒಳ್ಳೆಯ ಬುದ್ಧಿ. ಹಾಲಿನಲ್ಲಿ ಮಾತ್ರ ಇದು ಒಬ್ಬನೇ ಬಂದು ಹತ್ತು ಕುರ್ಚಿಗೆ ಟವೆಲ್ ಹಾಸಿದ ಹಾಗೆ. ಆದ್ದರಿಂದ ಇಲ್ಲಿನ ಕೆಲಸಗಾರ ಮೊದಲು ಕಲಿಯಬೇಕಾದ ಪಾಠ, ಹೆಚ್ಚು ಕೊಟ್ಟರೆ ಉಪಕಾರ ಎಂಬ ಅಭ್ಯಾಸವನ್ನು ಬಿಡುವುದು. ಅತಿಥಿಗೆ ಕೊಟ್ಟ ಮೆಮೊರಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ, ಅದರ ಸ್ವಾಪ್ ಜಾಗ ಒಂಚೂರು ಬಳಕೆಗೆ ಬರುವ ತನಕ ತಂದು ಅಲ್ಲಿ ನಿಲ್ಲಿಸುತ್ತಾರೆ. ಆ ಸ್ವಾಪನ್ನೂ ನಿಜವಾದ ಡಿಸ್ಕಿನಲ್ಲಿ ಇಡದೆ, ವಿಡಿಸ್ಕ್ ಎಂಬ ಮೆಮೊರಿಯ ಡಿಸ್ಕಿನಲ್ಲಿ ಇಟ್ಟರೆ ವೇಗ ಕೆಡುವುದಿಲ್ಲ.

ಎರಡನೆಯ ಪಾಠ ಗಂಟೆಯದ್ದು. ಒಂದು ಲಿನಕ್ಸನ್ನು ಮಾದರಿಯಾಗಿ ಮಾಡಿ ಅದರ ನೂರು ನಕಲು ತೆಗೆದರೆ, ಮಾದರಿಯಲ್ಲಿ ಇದ್ದ ಟೈಮ್‌ಟೇಬಲ್ ಕೂಡ ನೂರು ಕಡೆಗೆ ಹೋಗುತ್ತದೆ. ಬೆಳಗ್ಗಿನ ಜಾವ ನಾಲ್ಕಕ್ಕೆ ಫೈಲುಗಳ ಪಟ್ಟಿ ಮಾಡುವ ಕೆಲಸ ಉಂಟೆಂದರೆ, ನೂರು ಅತಿಥಿಗಳೂ ನಾಲ್ಕಕ್ಕೇ ಎದ್ದು ಊಟದ ಕೋಣೆಗೆ ನುಗ್ಗುತ್ತಾರೆ. ಬೇರೆ ಬೇರೆ ಪೆಟ್ಟಿಗೆಗಳಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಇಡೀ ಯಂತ್ರ ಏದುಸಿರು ಬಿಡುತ್ತದೆ. ಒಬ್ಬನಿಗೆ ನಾಲ್ಕು, ಇನ್ನೊಬ್ಬನಿಗೆ ನಾಲ್ಕು ಹತ್ತು ಎಂದು ಹಂಚಿ ಇಡಬೇಕು.

ಆರಂಭದ ವರ್ಷಗಳಲ್ಲಿ ಇನ್ನೊಂದು ಉಪದ್ರ ಇತ್ತು. ಲಿನಕ್ಸ್ ಏನೂ ಕೆಲಸ ಇಲ್ಲದಿದ್ದರೂ ಗಡಿಯಾರ ನೋಡಲು ಸೆಕೆಂಡಿಗೆ 100 ಸಲ ಎಚ್ಚರಗೊಳ್ಳುತ್ತಿತ್ತು. ನೂರಾರು ಅತಿಥಿಗಳು ಸುಮ್ಮನೆ ಕೂತಿದ್ದರೂ ಯಂತ್ರಕ್ಕೆ ಪುರುಸೊತ್ತಿಲ್ಲ! ಬೇಕಾದಾಗ ಮಾತ್ರ ಗಡಿಯಾರ ಬಡಿಯುವ ಹಾಗೆ ಲಿನಕ್ಸನ್ನೇ ತಿದ್ದಿದ ಮೇಲೆ ಅದು ಸರಿಹೋಯಿತು.

ಒಂದು ಗೆರೆಯಲ್ಲಿ ತಪ್ಪಿದರೆ

ಪ್ರತಿ ಅತಿಥಿಯ ಹೆಸರು, ಅವನಿಗೆ ಎಷ್ಟು ಮೆಮೊರಿ, ಎಷ್ಟು ಪ್ರೊಸೆಸರ್, ಯಾವ ಡಿಸ್ಕಿನ ಎಲ್ಲಿಂದ ಎಲ್ಲಿಯ ತನಕ ಅವನ ಜಾಗ, ಇದೆಲ್ಲ ಯೂಸರ್ ಡೈರೆಕ್ಟರಿ ಎಂಬ ದಾಖಲೆಯಲ್ಲಿ ಇರುತ್ತದೆ. ಒಂದು ದೊಡ್ಡ ಡಿಸ್ಕನ್ನು ತುಂಡು ತುಂಡು ಮಾಡಿ ಕೊಡುವುದಕ್ಕೆ ಮಿನಿಡಿಸ್ಕ್ ಎಂದು ಹೆಸರು. ಜಾಗದ ಆರ್‌ಟಿಸಿಯ ಹಾಗೆಯೇ ಇದು. ಗಡಿಯ ಅಂಕೆಯನ್ನು ತಪ್ಪಾಗಿ ಬರೆದು ಇಬ್ಬರ ಜಾಗ ಒಂದರ ಮೇಲೆ ಒಂದು ಬಿದ್ದರೆ, ಒಬ್ಬ ಬರೆದದ್ದು ಇನ್ನೊಬ್ಬನ ದಾಖಲೆಯನ್ನು ಅಳಿಸುತ್ತದೆ. ಆ ದಿನವೇ ಗೊತ್ತಾಗಬೇಕೆಂದಿಲ್ಲ. ಹಾಗಾಗಿ ಪ್ರತಿ ಬದಲಾವಣೆಯ ನಂತರ ಡಿಸ್ಕ್‌ಮ್ಯಾಪ್ ಎಂಬ ಪ್ರೋಗ್ರಾಮ್ ಓಡಿಸಿ ಗಡಿ ನೋಡುತ್ತಾರೆ. ದೊಡ್ಡ ಕಡೆಗಳಲ್ಲಿ ಕೈಯಲ್ಲಿ ಬರೆಯುವುದೇ ಬೇಡ ಎಂದು ಡಿರ್‌ಮೇಂಟ್ ಎಂಬ ಸಾಧನಕ್ಕೆ ಒಪ್ಪಿಸಿರುತ್ತಾರೆ.

ನಕಲು ತೆಗೆದ ಮೇಲೆಯೂ ಕೆಲಸ ಮುಗಿಯುವುದಿಲ್ಲ. ನಕಲಿಗೆ ಬೇರೆ ಹೆಸರು, ಬೇರೆ ಐಪಿ ವಿಳಾಸ ಕೊಡಬೇಕು. ಎಸ್‌ಎಸ್‌ಎಚ್ ಬೀಗದ ಕೈಗಳನ್ನು ಹೊಸತಾಗಿ ಮಾಡಬೇಕು. ಇಲ್ಲದಿದ್ದರೆ ನೂರು ಮನೆಗೆ ಒಂದೇ ಬೀಗದ ಕೈ ಮಾಡಿಸಿದ ಹಾಗಾಗುತ್ತದೆ. ಲಿನಕ್ಸಿನ ಬೂಟ್ ವಿವರಗಳನ್ನು ಕೈಯಾರೆ ಬದಲಾಯಿಸಿದರೆ ಝಿಪಲ್ ಎಂಬ ಆಜ್ಞೆ ಕೊಡಲೇಬೇಕು. ಮರೆತರೆ ಆ ದಿನ ಎಲ್ಲ ಸರಿ ಇರುತ್ತದೆ. ತಿಂಗಳು ಬಿಟ್ಟು ರೀಸ್ಟಾರ್ಟ್ ಮಾಡಿದ ರಾತ್ರಿ ಸರ್ವರ್ ಹಳೆಯ ವಿವರದಲ್ಲೇ ಏಳುತ್ತದೆ, ಅಥವಾ ಏಳುವುದೇ ಇಲ್ಲ.

ಹೊಸಬರು ಬೀಳುವ ಹೊಂಡ ಬೇರೆಯೇ ಉಂಟು. ಅತಿಥಿಯ ಕನ್ಸೋಲ್, ಅಂದರೆ ಅವನ ಮುಖ್ಯ ಪರದೆ, ಅದರ ಒಳಗೆ ಹೋಗಿ ಕೆಲಸ ಮುಗಿಸಿದ ಮೇಲೆ ಲಾಗಾಫ್ ಎಂದು ಕೊಡುವುದು ಎಲ್ಲರಿಗೂ ಅಭ್ಯಾಸ. ಝಡ್/ವಿಎಂನಲ್ಲಿ ಸಿಪಿಗೆ ಲಾಗಾಫ್ ಹೇಳಿದರೆ ಓಡುತ್ತಿರುವ ಲಿನಕ್ಸಿನ ಕರೆಂಟೇ ತೆಗೆದ ಹಾಗೆ. ಅದರಲ್ಲಿ ವ್ಯವಹಾರ ನಡೆಸುತ್ತಿದ್ದವರ ಕೆಲಸ ಅರ್ಧದಲ್ಲಿ ನಿಲ್ಲುತ್ತದೆ. ಹೇಳಬೇಕಾದದ್ದು ಡಿಸ್ಕನೆಕ್ಟ್. ಆಗ ನಾವು ಹೊರಗೆ ಬರ್ತೇವೆ, ಲಿನಕ್ಸ್ ಒಳಗೆ ತನ್ನಷ್ಟಕ್ಕೆ ಓಡುತ್ತಾ ಇರುತ್ತದೆ.

ಯಾರಿಗೆ ಎಷ್ಟು ಅಧಿಕಾರ ಎಂಬುದಕ್ಕೆ ಅಕ್ಷರಗಳ ದರ್ಜೆ ಉಂಟು. ಸಾಮಾನ್ಯ ಅತಿಥಿಗೆ ಸಿಗುವುದು ಜಿ ದರ್ಜೆ, ಅವನು ತನ್ನ ಯಂತ್ರವನ್ನು ಮಾತ್ರ ಮುಟ್ಟಬಹುದು. ಎ ದರ್ಜೆ ಇದ್ದವನು ಶಟ್‌ಡೌನ್ ಎಂಬ ಒಂದು ಶಬ್ದದಿಂದ ಇಡೀ ಝಡ್/ವಿಎಂ, ಅದರೊಟ್ಟಿಗೆ ಅದರ ಎಲ್ಲ ಅತಿಥಿಗಳನ್ನು ಇಳಿಸಬಹುದು. ಒಳ್ಳೆಯ ಕಡೆಗಳಲ್ಲಿ ಆ ದರ್ಜೆಯನ್ನು ಬೆರಳೆಣಿಕೆಯ ಮಂದಿಗೆ ಮಾತ್ರ ಕೊಡುತ್ತಾರೆ. ಯಂತ್ರವನ್ನು ನಿಲ್ಲಿಸಲೇಬೇಕಾದರೆ ಮೊದಲು ಅತಿಥಿಗಳಿಗೆ ಸೂಚನೆ ಹೋಗುತ್ತದೆ, ಅವರು ತಮ್ಮ ಫೈಲುಗಳನ್ನು ಮುಚ್ಚಿಕೊಳ್ಳಲು ಸಮಯ ಸಿಗುತ್ತದೆ. 2011ರ ಡಿಸೆಂಬರಿನಲ್ಲಿ ಬಂದ ಝಡ್/ವಿಎಂ 6.2ರಿಂದ ಓಡುತ್ತಿರುವ ಲಿನಕ್ಸನ್ನು ನಿಲ್ಲಿಸದೆಯೇ ಪಕ್ಕದ ಝಡ್/ವಿಎಂಗೆ ದಾಟಿಸುವ ಸೌಲಭ್ಯವೂ ಉಂಟು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಸ್ಪಷ್ಟವಾಗಿರಲಿ, ಇದು ಎಲ್ಲರಿಗೂ ಹೇಳಿದ ಯಂತ್ರವಲ್ಲ. ಬೆಲೆ ಜಾಸ್ತಿ. ಸಾಮಾನ್ಯ ಕಂಪ್ಯೂಟರಿಗೆಂದು ಮಾಡಿದ ಪ್ರೋಗ್ರಾಮುಗಳು ಹಾಗೆಯೇ ಇದರಲ್ಲಿ ಓಡುವುದಿಲ್ಲ, ಇದಕ್ಕೆಂದು ಮತ್ತೆ ತಯಾರು ಮಾಡಬೇಕು. ಎಲ್ಲವನ್ನೂ ಒಂದರಲ್ಲಿ ಇಟ್ಟರೆ ಆ ಒಂದಕ್ಕೆ ಏನಾದರೂ ಆದಾಗ ಎಲ್ಲರಿಗೂ ಕಷ್ಟ. ಆದ್ದರಿಂದ ಬ್ಯಾಂಕುಗಳಂಥವರು ಇನ್ನೊಂದು ಯಂತ್ರವನ್ನು ದೂರದ ಊರಿನಲ್ಲಿ ತಯಾರು ಇಡುತ್ತಾರೆ. ಹತ್ತು ಸರ್ವರಿನ ಕಂಪೆನಿಗೆ ಇದರ ಅಗತ್ಯವೇ ಇಲ್ಲ.

ನಮ್ಮ ಮಕ್ಕಳಿಗೆ ಎಂತ ಲಾಭ?

ಅಮೆರಿಕ, ಯುರೋಪಿನ ದೊಡ್ಡ ಸಂಸ್ಥೆಗಳ ಮೇನ್‌ಫ್ರೇಮುಗಳನ್ನು ಬೆಂಗಳೂರು, ಚೆನ್ನೈ, ಹೈದರಾಬಾದ್, ಪುಣೆಯಲ್ಲಿ ಕೂತು ನೋಡಿಕೊಳ್ಳುವವರು ತುಂಬಾ ಮಂದಿ ಇದ್ದಾರೆ. ಯಂತ್ರ ಒಂದು ದೇಶದಲ್ಲಿ, ಕೈ ಇನ್ನೊಂದು ದೇಶದಲ್ಲಿ. ಹಳೆಯ ಮೇನ್‌ಫ್ರೇಮ್ ತಿಳಿದವರು ನಿವೃತ್ತಿಯ ವಯಸ್ಸಿಗೆ ಬಂದಿದ್ದಾರೆ. ಅವರಿಗೆ ಝಡ್/ವಿಎಂ ಚೆನ್ನಾಗಿ ಗೊತ್ತು, ಲಿನಕ್ಸ್ ಮತ್ತೆ ಕಲಿತದ್ದು. ಈಗಿನ ಹುಡುಗ ಹುಡುಗಿಯರಿಗೆ ಲಿನಕ್ಸ್ ಗೊತ್ತು, ಝಡ್/ವಿಎಂ ಹೆಸರು ಕೇಳಿದವರು ಕಡಿಮೆ. ಎರಡೂ ಗೊತ್ತಿದ್ದವರು ವಿರಳ. ವಿರಳವಾದದ್ದಕ್ಕೆ ಬೆಲೆ ಉಂಟು ಎಂಬುದನ್ನು ವ್ಯಾಪಾರಸ್ಥ ಮನೆಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಆದರೆ ಹಣ ಕಟ್ಟುವ ಮೊದಲು ಸ್ವಲ್ಪ ನಿಲ್ಲಿ. "ಮೂರು ತಿಂಗಳ ಕೋರ್ಸ್, ಗ್ಯಾರಂಟಿ ಕೆಲಸ" ಎಂದು ಲಕ್ಷದ ಲೆಕ್ಕದಲ್ಲಿ ಕೇಳುವವರು ಇದ್ದಾರೆ. ಚಿನ್ನ ಅಡವಿಟ್ಟು ಕಟ್ಟಿದ ಮನೆಗಳೂ ಉಂಟು. ಈ ವಿದ್ಯೆಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ಖರ್ಚಿಲ್ಲದೆ ಕಲಿಯಬಹುದು. ಮೊದಲು ಸಾಮಾನ್ಯ ಲಿನಕ್ಸ್ ಹಾಕಿ ಒಂದು ವರ್ಷ ಅದರಲ್ಲೇ ಕೈ ಪಳಗಿಸಬೇಕು. ಆಮೇಲೆ ಹರ್ಕ್ಯುಲಿಸ್ ಅಥವಾ ಕ್ಯೂಎಮು ಎಂಬ ಉಚಿತ ಪ್ರೋಗ್ರಾಮುಗಳಿಂದ ಲ್ಯಾಪ್‌ಟಾಪಿನ ಒಳಗೇ ಮೇನ್‌ಫ್ರೇಮಿನ ನಕಲು ಮಾಡಿ ಲಿನಕ್ಸ್ ಓಡಿಸಿ ನೋಡಬಹುದು. ಹರ್ಕ್ಯುಲಿಸಿನಲ್ಲಿ ಹಳೆಯ ವಿಎಂ/370 ಕೂಡ ಓಡುತ್ತದೆ. ಸಿಪಿಯ ಜೊತೆ ಮಾತಾಡುವ ಕ್ರಮ ಅಲ್ಲಿಯೇ ಅಭ್ಯಾಸ ಆಗುತ್ತದೆ. ಹೊಸ ಝಡ್/ವಿಎಂ ಲೈಸೆನ್ಸ್ ಬೇಕಾದ ಸಾಫ್ಟ್‌ವೇರ್, ಅದರ ಕದ್ದ ಪ್ರತಿಯ ಗೊಡವೆಗೆ ಹೋಗಬಾರದು. ಐಬಿಎಂನವರ ರೆಡ್‌ಬುಕ್ ಎಂಬ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಝಡ್ ಎಕ್ಸ್‌ಪ್ಲೋರ್ ಎಂಬ ಅವರ ಕಲಿಕಾ ಕಾರ್ಯಕ್ರಮಕ್ಕೂ ಹಣ ಇಲ್ಲ, ಅದರಲ್ಲಿ ನಿಜವಾದ ಮೇನ್‌ಫ್ರೇಮನ್ನೇ ಮುಟ್ಟಲು ಸಿಗುತ್ತದೆ.

ಬಿಸಿಎ, ಡಿಪ್ಲೊಮಾ, ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳಿಗೆ ಇದು ಕೈಗೆ ಎಟಕುವ ವಿದ್ಯೆ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಬೇಕು, ಮಾಡಿದ್ದನ್ನು ಬರೆದಿಡುವ ಶಿಸ್ತು ಬೇಕು, ಆಜ್ಞೆ ಒತ್ತುವ ಮೊದಲು ಇನ್ನೊಮ್ಮೆ ಓದುವ ತಾಳ್ಮೆ ಬೇಕು. ಹೆಣ್ಣುಮಕ್ಕಳೂ ಇದರಲ್ಲಿ ಹಿಂದೆ ಬೀಳುವ ಕಾರಣ ಏನೂ ಇಲ್ಲ. ಭಾರ ಎತ್ತುವುದಿಲ್ಲ, ಯಂತ್ರದ ಹತ್ತಿರ ಹೋಗುವುದೂ ಇಲ್ಲ. ಪರದೆಯ ಮುಂದೆ ಕೂತು ಯೋಚಿಸುವ ಕೆಲಸ. ಡಿಗ್ರಿ ಮುಗಿಸಿ ಮನೆಯಲ್ಲಿ ಸುಮ್ಮನೆ ಇರುವ ಮಗಳಿಗೆ ಒಂದು ಲ್ಯಾಪ್‌ಟಾಪ್ ಕೊಡಿಸುವ ಖರ್ಚು, ಗ್ಯಾರಂಟಿಯ ಮಾತಾಡುವವನಿಗೆ ಕೊಡುವ ಹಣಕ್ಕಿಂತ ಎಷ್ಟೋ ಕಡಿಮೆ.

ಕೋರ್ಸಿನ ಅರ್ಜಿ ಹಿಡಿದು ಯಾರಾದರೂ ಮನೆಗೆ ಬಂದರೆ ಎರಡು ಪ್ರಶ್ನೆ ಕೇಳಿ. ನೀವು ಕಲಿಸುವುದರಲ್ಲಿ ಉಚಿತವಾಗಿ ಸಿಗದೆ ಇರುವುದು ಯಾವುದು? ಡಿಸ್ಕನೆಕ್ಟಿಗೂ ಲಾಗಾಫಿಗೂ ವ್ಯತ್ಯಾಸ ಎಂತ? ಎರಡಕ್ಕೂ ನೇರ ಉತ್ತರ ಬಂದರೆ ಮಾತ್ರ ಹಣದ ಮಾತು ಮುಂದುವರಿಸಿ.