ರಿವರ್ಸ್ ಲೈಟ್ ಹತ್ತವಲ್ದು? ಗೇರ್‌ಬಾಕ್ಸಿಗೆ ಕೈ ಹಾಕುವ ಮೊದಲು

ನಮ್ಮದು ರಾಯಬಾಗ ತಾಲೂಕಿನ ಕೃಷ್ಣಾ ದಂಡೆಯ ಹಳ್ಳಿ. ಕಬ್ಬಿನ ಸುಗ್ಗಿ ಬಂತೆಂದರೆ ರಾತ್ರಿ-ಹಗಲೆಂಬ ಭೇದವಿಲ್ಲ. 2021ರ ಡಿಸೆಂಬರಿನಲ್ಲಿ ಒಂದು ರಾತ್ರಿ ಕಟಾವಿನ ಗ್ಯಾಂಗಿನವರಿಗೆ ಹಿಟ್ಟಿನ ಚೀಲ ಕೊಟ್ಟು, ನನ್ನ ಹಳೇ ಮಾರುತಿ 800 ಹಿಂದಕ್ಕೆ ತೆಗೆಯುತ್ತಿದ್ದೆ. ರಿವರ್ಸ್ ಲೈಟ್ ಕೆಟ್ಟು ಆರು ತಿಂಗಳಾಗಿತ್ತು. 'ಮುಂದ ನೋಡೂಣು' ಅಂತ ಬಿಟ್ಟಿದ್ದೆ. ಡಬ್ ಅಂತು. ಇಳಿದು ನೋಡಿದರೆ ಪ್ಲಾಸ್ಟಿಕ್ ಕೊಡ ಅಪ್ಪಚ್ಚಿ. ಅದರಾಚೆ ಎರಡು ಮೊಳದಲ್ಲಿ ರವದಿಯ ಮೇಲೆ ಕೂಸೊಂದು ಮಲಗಿತ್ತು. ತಾಯಿ ಏನೂ ಅನ್ನಲಿಲ್ಲ, ಕೂಸನ್ನು ಎತ್ತಿಕೊಂಡು ಕೊಪ್ಪಿಯೊಳಗೆ ಹೋದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಗ್ಯಾರೇಜಿಗೆ ಒಯ್ದೆ. ಮಿಸ್ತ್ರಿ ಬಗ್ಗಿ ಸಹ ನೋಡದೆ "ಗೇರ್‌ಬಾಕ್ಸಿನ ಸ್ವಿಚ್ ಹೋಗೇತ್ರಿ ಕಾಕಾ" ಅಂದ. ಹೊಸದು ಹಾಕಿದ. ಲೈಟ್ ಹತ್ತಲಿಲ್ಲ! ಆಮೇಲೆ ನಾನೇ ಕುಳಿತೆ.

ಇದು ನಮ್ಮ ಪಂಪ್‌ಸೆಟ್ಟಿನ ಲೆಕ್ಕವೇ. ನೀರು ಬರದಿದ್ದರೆ ಮೊದಲೇ ಮೋಟಾರು ಎತ್ತುತ್ತೇವೆಯೇ? ಫ್ಯೂಸ್ ನೋಡ್ತೀವಿ. ಕಾರಿನಲ್ಲೂ ಕರೆಂಟು ಬ್ಯಾಟರಿಯಿಂದ ಫ್ಯೂಸಿಗೆ, ಅಲ್ಲಿಂದ ಗೇರ್‌ಬಾಕ್ಸಿನ ಮೇಲಿನ ಸ್ವಿಚ್ಚಿಗೆ, ಅಲ್ಲಿಂದ ಹಿಂದಿನ ಬಲ್ಬಿಗೆ ಹೋಗಿ, ಗಾಡಿಯ ಬಾಡಿಯ ಮೂಲಕ ತಿರುಗಿ ಬ್ಯಾಟರಿಗೆ ಬರುತ್ತದೆ. ಈ ತಿರುಗಿ ಬರುವ ದಾರಿಯನ್ನೇ ಅರ್ತ್ ಅನ್ನೋದು.

ಎಂಜಿನ್ ಬಂದಿರಲಿ. ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಇಟ್ಟಂಗಿ ಕೊಟ್ಟು, ಕೀ ತಿರುವಿ ರಿವರ್ಸ್ ಗೇರಿಗೆ ಹಾಕಿ. ಹಳೇ ಕಾರ್ಬುರೇಟರ್ ಗಾಡಿಯಾದರೆ ಕೀ ಬಹಳ ಹೊತ್ತು ಆನ್ ಇಡಬೇಡಿ, ಕಾಯಿಲ್ ಬಿಸಿಯಾಗುತ್ತದೆ.

ಒಂದೇ ಬದಿ ಹತ್ತದಿದ್ದರೆ ಬಲ್ಬು ಇಲ್ಲವೇ ಆ ಬದಿಯ ಹೋಲ್ಡರು. ಬಹಳಷ್ಟು ಹಳೇ ಗಾಡಿಗಳಲ್ಲಿ ರಿವರ್ಸಿಗೂ ಇಂಡಿಕೇಟರಿಗೂ ಒಂದೇ ಜಾತಿಯ 12 ವೋಲ್ಟ್ 21 ವ್ಯಾಟ್ ಬಲ್ಬು, ಬುಡದಲ್ಲಿ ಒಂದೇ ಚುಕ್ಕಿ. ಹತ್ತುವ ಇಂಡಿಕೇಟರ್ ಬಲ್ಬನ್ನೇ ಹಾಕಿ ನೋಡಿದರೆ ಗೊತ್ತಾಗುತ್ತದೆ, ಪೇಟೆಗೆ ಹೋಗಬೇಕಿಲ್ಲ. ಬ್ರೇಕ್ ಬಲ್ಬಿಗೆ ಎರಡು ಚುಕ್ಕಿ ಇರುತ್ತವೆ, ಅದು ಕೂಡೂದಿಲ್ಲ.

ಎರಡೂ ಹತ್ತದಿದ್ದರೆ ಫ್ಯೂಸ್. ಎರಡು ಬಲ್ಬು ಕೂಡಿ 42 ವ್ಯಾಟ್, ಅಂದರೆ ಮೂರೂವರೆ ಆಂಪಿಯರ್ ಎಳೆಯುತ್ತವೆ. ಫ್ಯೂಸ್ ಮತ್ತೆ ಮತ್ತೆ ಸುಟ್ಟರೆ ಎಲ್ಲೋ ವೈರ್ ಸುಲಿದಿದೆ. ಅಲ್ಲಿ ತಾಮ್ರದ ತಂತಿ ಸುತ್ತಿದಿರೋ, ಗಾಡಿಯೇ ಸುಟ್ಟೀತು.

ಸ್ವಿಚ್ ಪರೀಕ್ಷೆ ಇನ್ನೂ ಸುಲಭ. ಅದರ ಎರಡೂ ವೈರ್ ಬಿಚ್ಚಿ, ಒಂದಕ್ಕೊಂದು ಮುಟ್ಟಿಸಿ. ಲೈಟ್ ಹತ್ತಿದರೆ ಸ್ವಿಚ್ ಹೋಗಿದೆ. ಹತ್ತದಿದ್ದರೆ ಸ್ವಿಚ್ಚಿನ ಮೇಲೆ ಅಪವಾದ ಬೇಡ. ಇಷ್ಟು ಮಾಡಿದ್ದರೆ ನನ್ನ ರೊಕ್ಕ ಉಳೀತಿತ್ತು.

ನನ್ನ ಗಾಡಿಯ ರೋಗ ಅರ್ತಿನದು. 2019ರ ಆಗಸ್ಟಿನ ಮಹಾಪೂರ ಯಾರಿಗೆ ಮರೆತೀತು? ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ನದಿ ದಂಡೆಯಲ್ಲಿ, ನಿಪ್ಪಾಣಿ ಕಡೆಯ ವೇದಗಂಗಾ-ದೂಧಗಂಗಾ ಬಯಲಲ್ಲಿ ನೀರು ನುಗ್ಗಿತ್ತು. ನನ್ನ ಕಾರೂ ನೀರಲ್ಲಿ ನಿಂತಿತ್ತು. ಎಂಜಿನ್ ಮಾಡಿಸಿದೆ, ಸೀಟು ಒಣಗಿಸಿದೆ. ಹಿಂದಿನ ವೈರುಗಳ ಕಡೆ ನೋಡಲಿಲ್ಲ. ಡಿಕ್ಕಿಯ ಚಾಪೆ ಎತ್ತಿದರೆ ಅರ್ತ್ ವೈರಿನ ಬೋಲ್ಟು ಹಸಿರು ಕಿಲುಬು ಹಿಡಿದು ಕೂತಿತ್ತು. ಅದು ಮೊದಲೇ ಸುಳಿವು ಕೊಟ್ಟಿತ್ತು: ಬ್ರೇಕ್ ಒತ್ತಿದರೆ ಪಕ್ಕದ ಇಂಡಿಕೇಟರೂ ಮಿಣಕ್ ಅಂತಿತ್ತು. ನಿಮ್ಮ ಗಾಡಿಯಲ್ಲಿ ಹೀಗಾದರೆ ಬೇರೆಲ್ಲ ಬಿಟ್ಟು ಅರ್ತ್ ನೋಡಿರಿ. ಒಂದು ವೈರ್ ತುಂಡಿನ ಒಂದು ತುದಿ ಬಲ್ಬಿನ ಹೋಲ್ಡರಿನ ಹೊರಮೈಗೆ, ಇನ್ನೊಂದು ಬಣ್ಣವಿಲ್ಲದ ಕಬ್ಬಿಣಕ್ಕೆ ಹಿಡಿದರೆ ಲೈಟ್ ಹತ್ತಿತೆಂದರೆ ಖಾತ್ರಿಯಾಯಿತು.

ಬೋಲ್ಟು ಬಿಚ್ಚಿ, ಪಾಲಿಶ್ ಪೇಪರಿನಿಂದ ತಿಕ್ಕಿ, ಬಿಗಿಮಾಡಿ ಮೇಲೆ ಗ್ರೀಸ್ ಸವರಿದೆ. ಒಂದು ಪಾನಾ, ಅರ್ಧ ತಾಸು. ಹೋಲ್ಡರುಗಳನ್ನೂ ಹಾಗೇ ತಿಕ್ಕಿದೆ.

ಬೆಳಕು ಹೆಚ್ಚಾಗಲೆಂದು ಅದೇ ಹೋಲ್ಡರಿಗೆ ದೊಡ್ಡ ವ್ಯಾಟಿನ ಬಲ್ಬು ಹಾಕುವವರಿದ್ದಾರೆ. ಪ್ಲಾಸ್ಟಿಕ್ ಕರಗುತ್ತದೆ, ಬೇಡ.

ನಮ್ಮ ಕಡೆ ಕೆಎ-23ರ ಹಳೇ ಕಾರು ಇನ್ನೂ ಬಹಳ ಓಡುತ್ತಿವೆ. ಸ್ವಂತದ ಕಾರಿಗೆ 15 ವರ್ಷ ತುಂಬಿದರೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕಲ್ಲ, ಅದರ ಹಿಂದಿನ ಸಂಜೆ ಕತ್ತಲಾದ ಮೇಲೆ ಗಾಡಿಯನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ರಿವರ್ಸ್ ಗೇರ್ ಹಾಕಿರಿ. ಗೋಡೆಯ ಮೇಲೆ ಎರಡು ಬಿಳಿ ಬೆಳಕು ಬಿದ್ದಿವೆಯೋ ಒಂದೋ ಅಂತ ಕನ್ನಡಿಯಲ್ಲೇ ಕಾಣುತ್ತದೆ.